‘ವೆಂಟ್’ ಅನ್ನುತ್ತಿದ್ದ ಮಗು ‘ಗೋಡ್’ ಅಂದರೆ

ಮೊನ್ನೆ ಸಂಜೆ ಪಾಠ ಮುಗಿಸಿ ಬಾಗಿಲು ಹಾಕುವಷ್ಟರಲ್ಲಿ ಒಬ್ಬ ತಾಯಿ ಆರು ವರ್ಷದ ಮಗನನ್ನು ಎಳೆದುಕೊಂಡು ಬಂದರು. “ಅಕ್ಕೋರೆ, ಹೋದ ವರ್ಷ ಇಂಗ್ಲಿಷಲ್ಲಿ ‘ಹೋದೆ’ ಅನ್ನಲಿಕ್ಕೆ ಚೆಂದಾಗಿ ‘ವೆಂಟ್’ ಹೇಳ್ತಿದ್ದ. ಈಗ ಎಂತಾಯ್ತೇನೋ, ‘ಗೋಡ್’ ಹೇಳ್ತಾನೆ. ಕಲಿತದ್ದೂ ಮರೆತುಹೋಯ್ತಲ್ಲ!” ಅವರ ಮುಖ ನೋಡಿದರೆ ಹುಡುಗನಿಗೆ ವಾರದಿಂದ ಜ್ವರ ಬಿಟ್ಟಿಲ್ಲವೇನೋ ಅನ್ನಬೇಕು.

ಶಿರಸಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಕೂತಾಗಿನಿಂದ ಈ ದೂರು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಉತ್ತರ ಒಂದೇ: ಮಗು ಮರೆತಿಲ್ಲ, ಮುಂದೆ ಹೋಗಿದೆ. ಇದನ್ನು ನಂಬಿಸುವುದು ಮಾತ್ರ ಮಕ್ಕಳಿಗೆ ಪಾಠ ಹೇಳುವುದಕ್ಕಿಂತ ಕಷ್ಟ.

ಹೋದ ವರ್ಷ ‘ವೆಂಟ್’ ಅಂದಾಗ ಆತನಿಗೆ ಅದು ‘ಗೋ’ಗೆ ಸಂಬಂಧಪಟ್ಟದ್ದು ಅಂತಲೇ ಗೊತ್ತಿರಲಿಲ್ಲ. ಅಪ್ಪನ ಬೈಕಿನ ನಂಬರು ಬಾಯಿಗೆ ಬಂದಂತೆ ಅದೂ ಇಡಿಯಾಗಿ ಬಂದಿತ್ತು, ಅಷ್ಟೇ. ಆಮೇಲೆ ಪ್ಲೇಡ್, ಕ್ಲೀನ್ಡ್ ಕಿವಿಗೆ ಬಿದ್ದವು. ಮುಗಿದ ಕೆಲಸಕ್ಕೆ ಕೊನೆಯಲ್ಲೊಂದು ‘ಡ್’ ಸೇರಿಸುತ್ತಾರೆ ಅನ್ನುವುದು ಹೊಳೆಯಿತು. ಹೊಸ ಸೈಕಲ್ ಸಿಕ್ಕ ಹುಡುಗ ಪಕ್ಕದ ಮನೆಗೂ ಅದರಲ್ಲೇ ಹೋಗುತ್ತಾನಲ್ಲ, ಹಾಗೆ ಎಲ್ಲದಕ್ಕೂ ‘ಡ್’ ಹಾಕಿದ. ‘ಗೋಡ್’ ಅನ್ನು ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ, ಯಾವ ದೊಡ್ಡವರೂ ಆಡಿ ತೋರಿಸಿಲ್ಲ. ಅದು ಆತ ಸ್ವಂತ ಮಾಡಿದ್ದು.

1958ರಲ್ಲಿ ಅಮೆರಿಕದ ಭಾಷಾ ಸಂಶೋಧಕಿ ಜೀನ್ ಬರ್ಕೊ ಇದನ್ನೇ ಪರೀಕ್ಷಿಸಿ ನೋಡಿದ್ದರು. ಇಲ್ಲದ ಕ್ರಿಯಾಪದವೊಂದನ್ನು ಹುಟ್ಟಿಸಿ, ‘ಈತನಿಗೆ ರಿಕ್ ಮಾಡಲು ಬರುತ್ತದೆ, ನಿನ್ನೆಯೂ ಅದನ್ನೇ ಮಾಡಿದ, ನಿನ್ನೆ ಈತ...’ ಎಂದು ಮಕ್ಕಳ ಮುಂದೆ ಮಾತು ನಿಲ್ಲಿಸಿದರು. ಹೆಚ್ಚಿನ ಮಕ್ಕಳು ‘ರಿಕ್ಟ್’ ಅಂದವು. ಎಂದೂ ಕೇಳದ ಶಬ್ದವನ್ನು ಬಾಯಿಪಾಠ ಮಾಡಿರಲು ಸಾಧ್ಯವೇ ಇಲ್ಲವಲ್ಲ?

ಅಷ್ಟು ದೂರ ಯಾಕೆ, ಇದೇ ಹುಡುಗ ಮೂರು ವರ್ಷದವನಿದ್ದಾಗ “ಅಜ್ಜ ಚಾಕ್ಲೇಟ್ ಕೊಡಿದ” ಅಂದಿರುತ್ತಾನೆ. ಮಾಡು–ಮಾಡಿದ, ನೋಡು–ನೋಡಿದ ಆದಮೇಲೆ ಕೊಡು–ಕೊಡಿದ ಆಗಬೇಡವೇ? ಮನೆಮಂದಿ ನಕ್ಕರು. ಅಜ್ಜಿ “ಹೌದಾ, ಅಜ್ಜ ಕೊಟ್ನಾ? ಎಷ್ಟು ಕೊಟ್ಟ?” ಅಂತ ಕೇಳಿದಳು. ‘ಕೊಡು–ಕೊಟ್ಟ, ನಗು–ನಕ್ಕ, ಅಳು–ಅತ್ತ’ ಅಂತ ಪಟ್ಟಿ ಬರೆದು ಗೋಡೆಗೆ ಯಾರೂ ಅಂಟಿಸಲಿಲ್ಲ. ಕನ್ನಡದ ತಪ್ಪು ಮುದ್ದು, ಇಂಗ್ಲಿಷಿನದಾದರೆ ಹೋದ ಮಾನ!

ನಾನು ಹೇಳುವ ಔಷಧಿ ಆ ಅಜ್ಜಿಯದೇ. ಮಗು ‘ಐ ಗೋಡ್ ಟು ಬನವಾಸಿ’ ಅಂದರೆ, ‘ಓ, ಯು ವೆಂಟ್ ಟು ಬನವಾಸಿ? ಹೂ ವೆಂಟ್ ವಿತ್ ಯು?’ ಅಂತ ಮಾತು ಮುಂದುವರಿಸಿ. ‘ವೆಂಟ್’ ಅನ್ನು ಒತ್ತಬೇಡಿ, ಮತ್ತೆ ಹೇಳಿಸಲೂಬೇಡಿ. ದೇವಿಕೆರೆ ಕಡೆಯ ಒಬ್ಬರು ಅರ್ಧ ಮಾತ್ರ ಕೇಳಿಸಿಕೊಂಡು ಹೋಗಿ, ಮಗಳ ಎದುರು ದಿನವಿಡೀ ‘ವೆಂಟ್! ವೆಂಟ್!’ ಅಂದರಂತೆ. ಮರುದಿನ ಅವಳು ‘ವೆಂಟೆಡ್’ ಅಂದಳು. ನಾನು ನಕ್ಕುಬಿಟ್ಟೆ, ಅವರು ನಗಲಿಲ್ಲ.

ಅಂದಹಾಗೆ ‘ವೆಂಟ್’ ಕೂಡ ‘ಗೋ’ದ ಮನೆಯದಲ್ಲ. ‘ವೆಂಡ್’ ಎಂಬ ಹಳೆಯ ಕ್ರಿಯಾಪದದ ಭೂತಕಾಲವನ್ನು ‘ಗೋ’ ದತ್ತು ತೆಗೆದುಕೊಂಡಿದೆ. ತರ್ಕ ನೋಡಿದರೆ ಹುಡುಗನದೇ ಸರಿ.

ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ ಮುಗಿದ ವಾರ ನಾನು ಪುಸ್ತಕ ತೆಗೆಯುವುದೇ ಇಲ್ಲ. “ಐ ಸಿಟೆಡ್ ಇನ್ ತೊಟ್ಟಿಲು, ಅಪ್ಪ ಬೈಡ್ ಬಲೂನ್, ತಮ್ಮ ಕ್ರೈಡ್.” ತಂದೆತಾಯಿಗೆ ಇಲ್ಲಿ ಮೂರರಲ್ಲಿ ಒಂದೇ ಸರಿ. ನನ್ನ ಲೆಕ್ಕದಲ್ಲಿ ಮೂರೂ ಭೂತಕಾಲವೇ. ಲ್ಯಾಮಿನೇಟ್ ಮಾಡಿಸಿದ ಪಟ್ಟಿ ನೋಡಿ ಮಗ್ಗಿಯ ರಾಗದಲ್ಲಿ ‘ಗೋ, ವೆಂಟ್, ಗಾನ್’ ಒಪ್ಪಿಸುವ ಮಗು ಜಾತ್ರೆಯ ಕಥೆಗೆ ಬಂದಾಗ ‘ಯೆಸ್ಟರ್‌ಡೇ ಐ ಗೋ’ ಅನ್ನುತ್ತದೆ. ನನಗೆ ಚಿಂತೆ ಹತ್ತುವುದು ಅಲ್ಲಿ.

‘ಡಿಡ್ ನಾಟ್ ವೆಂಟ್’ ಅನ್ನುವವರಿಗೆ ಕನ್ನಡವೇ ಸಾಕು. ‘ಹೋಗಲಿಲ್ಲ’ ಅನ್ನುತ್ತೇವೆ, ‘ಹೋದಲಿಲ್ಲ’ ಅನ್ನುವುದಿಲ್ಲ; ಹಾಗೇ ‘ಡಿಡ್ ನಾಟ್ ಗೋ’. ಇನ್ನು ‘ವಾಕೆಡ್’, ‘ಜಂಪೆಡ್’ ಮಕ್ಕಳದಲ್ಲ, ನಮ್ಮ ದೊಡ್ಡವರ ಓದು. ‘ವಾಕ್ಟ್’, ‘ಜಂಪ್ಟ್’ ಅನ್ನಿ. ‘ವಾಂಟೆಡ್’, ‘ನೀಡೆಡ್’ ಥರ ಟಿ, ಡಿ ಸದ್ದಿನ ಮೇಲೆ ಮಾತ್ರ ಆ ‘ಎಡ್’.

ಒಂದು ಎಚ್ಚರಿಕೆ. ಏಳೆಂಟು ವರ್ಷವಾದರೂ ಮಗು ಮನೆಮಾತಿನಲ್ಲೇ, ಕನ್ನಡವಿರಲಿ ಕೊಂಕಣಿಯಿರಲಿ, ನಿನ್ನೆ ನಡೆದದ್ದನ್ನು ಹೇಳಲು ತಡವರಿಸಿದರೆ ಅದು ಟ್ಯೂಷನ್ನಿನ ವಿಷಯವಲ್ಲ. ವಾಕ್ ಚಿಕಿತ್ಸಕರಿಗೆ ತೋರಿಸಿ. ಉಳಿದ ಮಕ್ಕಳ ‘ಗೋಡ್’ ಎಷ್ಟು ತಿಂಗಳಿಗೆ ಹೋಗುತ್ತದೆ ಎಂದು ನಾನು ಬರೆದುಕೊಡಲಾರೆ. ದಿನಕ್ಕೆ ಎಷ್ಟು ಇಂಗ್ಲಿಷ್ ಕಿವಿಗೆ ಬೀಳುತ್ತದೆ ಎನ್ನುವುದರ ಮೇಲಿದೆ ಅದು.

ಇಷ್ಟನ್ನೂ ಆ ತಾಯಿಗೆ ಬಾಗಿಲಲ್ಲೇ ನಿಂತು ಹೇಳುತ್ತಿದ್ದೆ. ಹುಡುಗ ಕಾಲು ಎತ್ತಿ ತೋರಿಸಿ, “ಮೈ ಚಪ್ಪಲ್ ಬ್ರೇಕ್ಡ್” ಅಂದ. ತಾಯಿ “ಬ್ರೇಕ್ಡ್ ಅಲ್ವೋ—” ಅಂದವರು ನನ್ನ ಮುಖ ನೋಡಿ ಅಲ್ಲಿಗೇ ನುಂಗಿಕೊಂಡರು. ಆಮೇಲೆ ಸಂಕೋಚದಲ್ಲೇ, “ಓ, ಇಟ್ ಬ್ರೋಕ್? ವೇರ್?” ಅಂದರು.

“ಬಸ್‌ಸ್ಟ್ಯಾಂಡಲ್ಲಿ” ಅಂದ, ಅಚ್ಚ ಕನ್ನಡದಲ್ಲಿ.