ಅಮೆರಿಕದ ಹ್ಯಾಮ್‌ಟ್ರ್ಯಾಮಿಕ್‌ನಲ್ಲಿ ಶರಿಯಾ ಆಡಳಿತ ಇದೆಯಾ?

ಪ್ರಶ್ನೆ: ಅಮೆರಿಕದ ಒಂದು ಊರಿನಲ್ಲಿ ಮೇಯರ್, ನಗರಸಭೆ ಸದಸ್ಯರು ಎಲ್ಲರೂ ಮುಸ್ಲಿಮರಂತೆ. ಅಲ್ಲಿ ಶರಿಯಾ ಜಾರಿಯಾಗಿದೆ, ಬಾರ್‌ಗಳನ್ನೂ ಮುಚ್ಚಿಸಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಬಂತು. ಇದು ನಿಜಾನಾ?

ಉತ್ತರ: ಮೊದಲ ಅರ್ಧ ನಿಜ. ಎರಡನೆಯದು ಸುಳ್ಳು. ಆದರೆ ಸುಮ್ನೆ 'ಸುಳ್ಳು' ಅಂತ ಹೇಳಿ ಮುಗಿಸಿದರೆ ಆ ಊರಿನ ಕಥೆ ತಪ್ಪಿಹೋಗುತ್ತದೆ.

ಊರಿನ ಹೆಸರು ಹ್ಯಾಮ್‌ಟ್ರ್ಯಾಮಿಕ್. ಮಿಷಿಗನ್ ರಾಜ್ಯದಲ್ಲಿದೆ. ಸುತ್ತಲೂ ಡೆಟ್ರಾಯಿಟ್ ನಗರ, ಒಂದು ಕಡೆ ಮಾತ್ರ ಹೈಲ್ಯಾಂಡ್ ಪಾರ್ಕ್ ಎನ್ನುವ ಇನ್ನೊಂದು ಪುಟ್ಟ ಊರು ತಾಗುತ್ತದೆ. ವಿಸ್ತೀರ್ಣ ಸುಮಾರು 5.4 ಚದರ ಕಿಲೋಮೀಟರ್. 2020ರ ಜನಗಣತಿ ಪ್ರಕಾರ 28,433 ಜನ. ನಮ್ಮ ಲೆಕ್ಕದಲ್ಲಿ ಒಂದು ಪುರಸಭೆಯಷ್ಟು ಊರು. ಇವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮುಸ್ಲಿಮರು ಎನ್ನುತ್ತಾರೆ. ಇದು ಅಂದಾಜು ಮಾತ್ರ. ಅಮೆರಿಕದ ಜನಗಣತಿಯಲ್ಲಿ ಧರ್ಮ ಯಾವುದು ಅಂತ ಕೇಳುವುದೇ ಇಲ್ಲ.

ಶರಿಯಾ ವಿಷಯಕ್ಕೆ ಬರೋಣ. ಒಂದು ನಗರಸಭೆ ಬಯಸಿದರೂ ಅದನ್ನು ತರಲು ಆಗುವುದಿಲ್ಲ. ಸರ್ಕಾರ ಯಾವುದೇ ಧರ್ಮವನ್ನು ಸ್ಥಾಪಿಸಬಾರದು ಅಂತ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ ಇದೆ. ಮದುವೆ, ಆಸ್ತಿ, ಅಪರಾಧ ಇವೆಲ್ಲ ರಾಜ್ಯದ ಮತ್ತು ಕೇಂದ್ರದ ಕಾನೂನಿಗೆ ಬಿಟ್ಟದ್ದು. ಶಾಲೆಗಳು ಕೂಡ ನಗರಸಭೆಯ ಕೈಯಲ್ಲಿಲ್ಲ. ಅದಕ್ಕೆ ಬೇರೆಯೇ ಚುನಾಯಿತ ಮಂಡಳಿ ಇದೆ. ನಗರಸಭೆಗೆ ಉಳಿಯುವುದು ಪೊಲೀಸ್, ಅಗ್ನಿಶಾಮಕ, ರಸ್ತೆ, ಕಸ, ಕಟ್ಟಡದ ಪರವಾನಗಿ, ತೆರಿಗೆ. ಅಲ್ಲಿ ನಗರಕ್ಕೇ ಒಂದು ಆದಾಯ ತೆರಿಗೆ ಇದೆ. ಊರಿನವರಿಗೆ ಶೇ. 1, ಹೊರಗಿನಿಂದ ಕೆಲಸಕ್ಕೆ ಬರುವವರಿಗೆ ಶೇ. 0.5.

ಮೇಯರ್ ಅಂದರೆ ರಾಜನೂ ಅಲ್ಲ. ಆರು ಸದಸ್ಯರ ಸಭೆಗೆ ಅವರು ಅಧ್ಯಕ್ಷರು. ಮತ ಸಮಸಮ ಬಿದ್ದಾಗ ಅವರ ಮತಕ್ಕೆ ಬೆಲೆ. ದಿನನಿತ್ಯದ ಆಡಳಿತ ನಡೆಸುವುದು ಸಿಟಿ ಮ್ಯಾನೇಜರ್. ನಮ್ಮಲ್ಲಿ ಮುಖ್ಯಾಧಿಕಾರಿ ಇರುತ್ತಾರಲ್ವಾ, ಹೆಚ್ಚುಕಡಿಮೆ ಹಾಗೆ. ವ್ಯತ್ಯಾಸ ಏನೆಂದರೆ ಅಲ್ಲಿ ಇವರನ್ನು ನೇಮಿಸುವುದೂ ಮನೆಗೆ ಕಳಿಸುವುದೂ ನಗರಸಭೆಯೇ.

ಇನ್ನೊಂದು ನಿಯಮವನ್ನು ಜನ ಗಮನಿಸುವುದು ಕಡಿಮೆ. ಹ್ಯಾಮ್‌ಟ್ರ್ಯಾಮಿಕ್‌ನಲ್ಲಿ ವಾರ್ಡ್‌ಗಳಿಲ್ಲ. ಇಡೀ ಊರೇ ಒಂದು ಕ್ಷೇತ್ರ. ಪಕ್ಷದ ಚಿಹ್ನೆಯೂ ಇಲ್ಲ. ಎರಡು ವರ್ಷಕ್ಕೊಮ್ಮೆ ಮೂರು ಸೀಟಿಗೆ ಚುನಾವಣೆ, ಇಡೀ ಊರಿನಲ್ಲಿ ಹೆಚ್ಚು ಮತ ಪಡೆದ ಮೂವರು ಗೆಲ್ಲುತ್ತಾರೆ. ವಾರ್ಡ್ ಇದ್ದಿದ್ದರೆ ಒಂದೊಂದು ಬೀದಿಯಿಂದ ಒಂದೊಂದು ಸಮುದಾಯದವರು ಬರುತ್ತಿದ್ದರೇನೋ. ಈ ಪದ್ಧತಿಯಲ್ಲಿ ಮತ ಒಗ್ಗೂಡಿಸಿಕೊಂಡವರಿಗೆ ಎಲ್ಲ ಸೀಟೂ ಸಿಗಬಹುದು. 'ಪೂರ್ತಿ ಮುಸ್ಲಿಂ ನಗರಸಭೆ' ಎನ್ನುವ ಸುದ್ದಿಯ ಹಿಂದಿನ ಗುಟ್ಟಿನಲ್ಲಿ ಅರ್ಧ ಇದೇ ಅನ್ನಿಸುತ್ತದೆ ನನಗೆ.

ಇದಕ್ಕೂ ಮೊದಲು ಅಲ್ಲಿ ಇನ್ನೊಂದು ಸಮುದಾಯ ಹೀಗೆಯೇ ಊರು ನಡೆಸುತ್ತಿತ್ತು. 1901ರಲ್ಲಿ ಇದು ಒಂದು ಹಳ್ಳಿ, ಜರ್ಮನ್ ಮೂಲದ ರೈತರ ಊರು. 1910ರ ಹೊತ್ತಿಗೆ ಡಾಜ್ ಸಹೋದರರು ಇಲ್ಲಿ ಕಾರು ಕಾರ್ಖಾನೆ ಕಟ್ಟಲು ಶುರು ಮಾಡಿದರು. ಕೆಲಸ ಹುಡುಕಿಕೊಂಡು ಪೋಲೆಂಡಿನವರು ಹಿಂಡುಹಿಂಡಾಗಿ ಬಂದರು. 1910ರಲ್ಲಿ 3,559 ಇದ್ದ ಜನಸಂಖ್ಯೆ 1920ಕ್ಕೆ 48,615 ಆಯಿತು. ಹತ್ತೇ ವರ್ಷ! ಡೆಟ್ರಾಯಿಟ್ ತಮ್ಮನ್ನು ನುಂಗಿಬಿಡದಿರಲಿ ಅಂತ 1922ರಲ್ಲಿ ಪ್ರತ್ಯೇಕ ನಗರವಾಗಿ ನೋಂದಾಯಿಸಿಕೊಂಡರು. ಆಗಿನಿಂದ 2021ರವರೆಗೆ ಮೇಯರ್ ಆದವರೆಲ್ಲ ಪೋಲಿಷ್ ಮೂಲದವರೇ. 1987ರಲ್ಲಿ ಪೋಲೆಂಡಿನವರೇ ಆದ ಪೋಪ್ ಎರಡನೇ ಜಾನ್ ಪಾಲ್ ಕೂಡ ಈ ಪುಟ್ಟ ಊರಿಗೆ ಬಂದುಹೋದರು.

ಆ ಕಾಲದ ಆಡಳಿತ ಚೆನ್ನಾಗಿತ್ತು ಅಂತ ನೆನೆಸಿಕೊಳ್ಳುವವರು ಇದ್ದಾರೆ. ದಾಖಲೆ ಬೇರೆ ಹೇಳುತ್ತದೆ. ಮೊದಲ ಮೇಯರ್ ಪೀಟರ್ ಜೆಜೆವ್‌ಸ್ಕಿ ಪಾನನಿಷೇಧದ ಕಾಲದ ಸಾರಾಯಿ ಪ್ರಕರಣದಲ್ಲಿ ಶಿಕ್ಷೆಗೆ ಒಳಗಾದರು. ರುಡಾಲ್ಫ್ ಟೆನೆರೊವಿಚ್ ಎನ್ನುವ ಇನ್ನೊಬ್ಬ ಮೇಯರ್ ಅನೈತಿಕ ದಂಧೆಯ ಪಿತೂರಿಯಲ್ಲಿ ಜೈಲು ಕಂಡು, ಕ್ಷಮಾದಾನ ಪಡೆದು, ಮತ್ತೆ ಮೇಯರ್ ಆಗಿ, ಆಮೇಲೆ ಅಮೆರಿಕದ ಸಂಸತ್ತಿಗೂ ಹೋದರು. ಇದಕ್ಕಿಂತ ಕೆಟ್ಟದ್ದು ಕಪ್ಪು ಜನರ ಮನೆಗಳ ವಿಷಯ. ನಗರ ನವೀಕರಣದ ಹೆಸರಿನಲ್ಲಿ ಅವರನ್ನು ಬೇಕೆಂದೇ ಎಬ್ಬಿಸಲಾಗಿದೆ ಅಂತ 1968ರಲ್ಲಿ ಮೊಕದ್ದಮೆ ಹೂಡಿದರು. 1971ರಲ್ಲಿ ನ್ಯಾಯಾಧೀಶ ಡೇಮನ್ ಕೀತ್ ಅದು ನಿಜ ಎಂದು ತೀರ್ಪು ಕೊಟ್ಟರು. ಬದಲಿ ಮನೆಗಳನ್ನು ಕಟ್ಟಿ ಮುಗಿಸುವ ಹೊತ್ತಿಗೆ 2010 ಬಂದಿತ್ತು.

ಊರಿನ ಬೆನ್ನು ಮುರಿದದ್ದು 1980ರಲ್ಲಿ, ಡಾಜ್ ಕಾರ್ಖಾನೆ ಮುಚ್ಚಿದಾಗ. ಅದರ ಜಾಗದಲ್ಲಿ ಜನರಲ್ ಮೋಟಾರ್ಸ್‌ಗೆ ಹೊಸ ಕಾರ್ಖಾನೆ ಮಾಡಿಕೊಡಲು ಪಕ್ಕದ ಡೆಟ್ರಾಯಿಟ್ ನಗರ ಪೋಲ್‌ಟೌನ್ ಎಂಬ ಬಡಾವಣೆಯನ್ನೇ ಕೆಡವಿತು. ಸುಮಾರು 4,200 ಜನ ಮನೆ ಕಳೆದುಕೊಂಡರು. ಹ್ಯಾಮ್‌ಟ್ರ್ಯಾಮಿಕ್‌ನಲ್ಲಿ ವಯಸ್ಸಾದವರು ಉಳಿದರು, ಮಕ್ಕಳು ದೂರದ ಉಪನಗರಗಳಿಗೆ ಹೋದರು. 1930ರಲ್ಲಿ 56,268 ಇದ್ದ ಜನಸಂಖ್ಯೆ 2000ದಲ್ಲಿ 22,976ಕ್ಕೆ ಇಳಿದಿತ್ತು.

ಮನೆಗಳು ಅಗ್ಗವಾದವು. ಖಾಲಿ ಮನೆಗಳಿಗೆ ಯೆಮನ್‌ನವರು ಬಂದರು, ಅವರಲ್ಲಿ ಕೆಲವರು ಮೊದಲಿನಿಂದಲೂ ಕಾರು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು. 90ರ ದಶಕದ ಯುದ್ಧ ತಪ್ಪಿಸಿಕೊಂಡು ಬೋಸ್ನಿಯಾದವರು ಬಂದರು. ನ್ಯೂಯಾರ್ಕಿನ ಬಾಡಿಗೆ ತಾಳಲಾರದೆ ಬಾಂಗ್ಲಾದೇಶದವರು ಬಂದರು, ಅವರಲ್ಲಿ ಬಹಳಷ್ಟು ಜನ ಸಿಲ್ಹೆಟ್ ಕಡೆಯವರು. ಕೋನಂಟ್ ಅವೆನ್ಯೂಗೆ ಈಗ 'ಬಾಂಗ್ಲಾದೇಶ್ ಅವೆನ್ಯೂ' ಎಂಬ ಗೌರವದ ಹೆಸರೂ ಇದೆ.

ಹೊಸಬರು ಮತ ಹಾಕಲು ಬಂದಾಗ ಗಲಾಟೆಯಾಯಿತು. 1999ರ ಚುನಾವಣೆಯಲ್ಲಿ ಒಂದು ಗುಂಪು ಮತಗಟ್ಟೆಯಲ್ಲಿ ನಿಂತು, ಕಪ್ಪು ಬಣ್ಣದವರು, ಅರಬ್ ಹೆಸರಿನವರು ಕಂಡರೆ 'ಇವರು ನಾಗರಿಕರಲ್ಲ' ಅಂತ ಆಕ್ಷೇಪಿಸಿತು. ನಲವತ್ತಕ್ಕೂ ಹೆಚ್ಚು ಜನರಿಂದ ಪೌರತ್ವದ ಪ್ರಮಾಣ ಮಾಡಿಸಿದರು. ಪಾಸ್‌ಪೋರ್ಟ್ ತೋರಿಸಿದವರನ್ನೂ ಬಿಡಲಿಲ್ಲ. ಕೇಂದ್ರದ ನ್ಯಾಯ ಇಲಾಖೆ ನಗರದ ಮೇಲೆ ಮೊಕದ್ದಮೆ ಹಾಕಿತು. 2000ದಲ್ಲಿ ನಗರ ರಾಜಿಗೆ ಒಪ್ಪಿತು. ಮೂರೇ ವರ್ಷದಲ್ಲಿ, 2003ರಲ್ಲಿ, ಶಹಾಬ್ ಅಹ್ಮದ್ ನಗರಸಭೆಗೆ ಆಯ್ಕೆಯಾದ ಮೊದಲ ಬಾಂಗ್ಲಾದೇಶ ಮೂಲದವರಾದರು. ಈಗ ಅಲ್ಲಿ ಮತಪತ್ರ ಬಂಗಾಳಿಯಲ್ಲೂ ಸಿಗುತ್ತದೆ. ಕೇಂದ್ರ ಕಾನೂನಿನ ಪ್ರಕಾರವೇ ಅದು ಕಡ್ಡಾಯ.

ಅದೇ 2000ದಲ್ಲಿ ಇನ್ನೊಂದು ನಡೆಯಿತು. ಖಜಾನೆ ಬರಿದಾಗಿ, ರಾಜ್ಯ ಸರ್ಕಾರ ಲೂಯಿಸ್ ಶಿಮೆಲ್ ಎಂಬ ತುರ್ತು ಹಣಕಾಸು ಅಧಿಕಾರಿಯನ್ನು ಕೂರಿಸಿತು. 2007ರವರೆಗೂ ಹಣದ ವಿಷಯದಲ್ಲಿ ಚುನಾಯಿತರ ಮಾತಿಗಿಂತ ಅವರ ಮಾತೇ ಮೇಲು. 2013ರಲ್ಲಿ ಮತ್ತೆ ಹಾಗೇ ಆಯಿತು. ಈ ಊರನ್ನು ಯಾರು ಆಳುತ್ತಾರೆ ಅಂತ ಕೇಳಿದರೆ, ಎಷ್ಟೋ ವರ್ಷಗಳ ಮಟ್ಟಿಗೆ ಸರಿಯಾದ ಉತ್ತರ 'ರಾಜ್ಯ ಕಳಿಸಿದ ಲೆಕ್ಕಿಗ'.

ಹೊರಗಿನ ಜನಕ್ಕೆ ಊರಿನ ಹೆಸರು ತಿಳಿದದ್ದು 2004ರಲ್ಲಿ, ಅಜಾನ್ ವಿಷಯಕ್ಕೆ. ಅಲ್-ಇಸ್ಲಾಹ್ ಮಸೀದಿಯವರು ಧ್ವನಿವರ್ಧಕಕ್ಕೆ ಅನುಮತಿ ಕೇಳಿದರು. ಆಗ ನಗರಸಭೆಯಲ್ಲಿ ಮುಸ್ಲಿಂ ಸದಸ್ಯರು ಒಬ್ಬರೇ. ಆದರೂ ಶಬ್ದದ ನಿಯಮವನ್ನು ಒಮ್ಮತದಿಂದ ತಿದ್ದಿದರು. ವಿರೋಧಿಗಳು ಜನಮತಗಣನೆಗೆ ಒಯ್ದರು. ಜುಲೈಯಲ್ಲಿ ಸುಮಾರು ಶೇ. 55 ಮತದಾರರು ನಗರಸಭೆಯ ಪರ ನಿಂತರು. ನಿಯಮದಲ್ಲಿ ಒಂದು ಸ್ವಾರಸ್ಯ ಇದೆ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಮಾತ್ರ ಅವಕಾಶ. ಜೂನ್ ತಿಂಗಳಲ್ಲಿ ಅಲ್ಲಿ ಫಜ್ರ್, ಅಂದರೆ ನಸುಕಿನ ನಮಾಜಿನ ಹೊತ್ತು ಬೆಳಗಿನ ನಾಲ್ಕರ ಸುಮಾರಿಗೆ, ಇಶಾ, ಅಂದರೆ ರಾತ್ರಿಯ ನಮಾಜು ಹತ್ತು ದಾಟಿ. ಹಾಗಾಗಿ ನಿಯಮದ ಪ್ರಕಾರ ಐದರಲ್ಲಿ ಎರಡು ಅಜಾನ್ ಮೈಕಿನಲ್ಲಿ ಬರುವಂತಿಲ್ಲ.

2015ರ ನವೆಂಬರ್‌ನಲ್ಲಿ ಆರರಲ್ಲಿ ನಾಲ್ಕು ಸೀಟು ಮುಸ್ಲಿಮರಿಗೆ ಬಂತು. ಅಮೆರಿಕದಲ್ಲಿ ಹೀಗಾದದ್ದು ಇದೇ ಮೊದಲು ಅಂತ ಪತ್ರಿಕೆಗಳು ಬರೆದವು. 2021ರಲ್ಲಿ ಯೆಮನ್ ಮೂಲದ ಅಮೀರ್ ಗಾಲಿಬ್, 2006ರಿಂದ ಮೇಯರ್ ಆಗಿದ್ದ ಕರೆನ್ ಮಜೆವ್‌ಸ್ಕಿ ಅವರನ್ನು ಸೋಲಿಸಿದರು. 2022ರ ಜನವರಿಯಲ್ಲಿ ಕೂತ ಸಭೆಯಲ್ಲಿ ಯೆಮನ್ ಮೂಲದವರು ಮೂವರು, ಬಾಂಗ್ಲಾದೇಶ ಮೂಲದವರು ಇಬ್ಬರು, ಜೊತೆಗೆ ಇಸ್ಲಾಂಗೆ ಮತಾಂತರಗೊಂಡ ಪೋಲಿಷ್ ಮೂಲದ ಮಹಿಳೆ ಒಬ್ಬರು.

ವಾಟ್ಸಾಪ್ ಸಂದೇಶಕ್ಕೆ ಬೀಜ ಸಿಕ್ಕಿದ್ದು ಆಮೇಲಿನ ಎರಡು ತೀರ್ಮಾನಗಳಿಂದ ಇರಬೇಕು. 2023ರ ಜನವರಿಯಲ್ಲಿ ಮನೆಯಂಗಳದಲ್ಲಿ ಧಾರ್ಮಿಕ ಪ್ರಾಣಿಬಲಿಗೆ ಅವಕಾಶ ಕೊಟ್ಟರು. ನಗರಕ್ಕೆ ಮೊದಲೇ ತಿಳಿಸಬೇಕು, ಶುಲ್ಕ ಕಟ್ಟಬೇಕು, ಆಮೇಲೆ ತಪಾಸಣೆ. ಸದಸ್ಯರೆಲ್ಲ ಮುಸ್ಲಿಮರೇ ಆಗಿದ್ದರೂ ಮತ ಒಡೆಯಿತು. ಧಾರ್ಮಿಕ ಬಲಿಯನ್ನೇ ಗುರಿಯಾಗಿಸಿ ನಿಷೇಧಿಸುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿತ್ತು. ಆ ಮೊಕದ್ದಮೆ ಮುಸ್ಲಿಮರದ್ದಲ್ಲ, ಕ್ಯೂಬಾ ಮೂಲದ ಸಾಂಟೇರಿಯಾ ಪಂಥದವರದ್ದು.

ಜೂನ್‌ನಲ್ಲಿ ಬಂದ ತೀರ್ಮಾನ ಹೆಚ್ಚು ನೋವು ಕೊಟ್ಟಿತು. ನಗರದ ಆಸ್ತಿಯ ಮೇಲೆ ದೇಶ, ರಾಜ್ಯ, ನಗರ, ನಿವಾಸಿಗಳ ಮೂಲ ದೇಶ ಮುಂತಾದ ಕೆಲವೇ ಬಾವುಟ ಹಾರಿಸಬಹುದು ಅಂತ ಒಮ್ಮತದಿಂದ ನಿರ್ಧರಿಸಿದರು. ಸಲಿಂಗಿಗಳ ಕಾಮನಬಿಲ್ಲಿನ ಬಾವುಟ ಹೊರಗೆ ಉಳಿಯಿತು. ಮನೆ, ಅಂಗಡಿಗಳ ಮೇಲೆ ಹಾರಿಸಲು ಅಡ್ಡಿಯಿಲ್ಲ. ಆದರೂ ಅಜಾನ್ ಗಲಾಟೆಯಲ್ಲಿ ಮುಸ್ಲಿಮರ ಬೆನ್ನಿಗೆ ನಿಂತಿದ್ದ ಉದಾರವಾದಿಗಳಿಗೆ ಇದು ದ್ರೋಹದಂತೆ ಕಂಡಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಇದು ಶರಿಯಾ ಅಲ್ಲ. ಸಂಪ್ರದಾಯಸ್ಥ ಬಹುಮತ ಇರುವ ಊರು ತನ್ನ ಇಷ್ಟದಂತೆ ಮತ ಹಾಕಿದ್ದು, ಅಷ್ಟೆ. ಅದೇ ಗಾಲಿಬ್ 2024ರಲ್ಲಿ ಟ್ರಂಪ್ ಅವರನ್ನು ಬೆಂಬಲಿಸಿದರು. ಮರುವರ್ಷ ಗಾಲಿಬ್ ಹೆಸರನ್ನು ಟ್ರಂಪ್ ಕುವೈತ್ ರಾಯಭಾರಿ ಹುದ್ದೆಗೆ ಸೂಚಿಸಿದರು.

ಬಾರ್ ಮುಚ್ಚಿಸಿದ ವಿಷಯ ಬಿಟ್ಟೇಹೋಗಿತ್ತು. ಮದ್ಯದ ಪರವಾನಗಿ ಕೊಡುವುದು ರಾಜ್ಯದ ಆಯೋಗ. ಊರಿನಲ್ಲಿ ಬಾರ್‌ಗಳಿಗೆ ಕೊರತೆಯಿಲ್ಲ. ಕ್ರೈಸ್ತರ ಉಪವಾಸ ಕಾಲ ಶುರುವಾಗುವ ಮುನ್ನಾದಿನ ಅಲ್ಲಿ 'ಪೂಂಚ್ಕಿ ಡೇ'. ಪೂಂಚ್ಕಿ ಅಂದರೆ ಒಳಗೆ ಜಾಮ್ ತುಂಬಿ ಎಣ್ಣೆಯಲ್ಲಿ ಕರಿದ ಪೋಲಿಷ್ ಸಿಹಿ ಬನ್ನು. ಅವತ್ತು ಬೇಕರಿಗಳ ಮುಂದೆ ನಸುಕಿನಲ್ಲೇ ಸಾಲು, ಬಾರ್‌ಗಳು ಬೆಳಿಗ್ಗೆಯೇ ಬಾಗಿಲು ತೆಗೆದಿರುತ್ತವೆ.