ಶಾಲೆ ಮಕ್ಕಳಿಗೆ ಸಮೋವನ್ ಭಾಷೆ: ಮೊದಲ ಪಾಠಗಳಿಗೆ ನನ್ನ ಟಿಪ್ಪಣಿ

ನ್ಯೂಜಿಲೆಂಡಿನಲ್ಲಿ ಇಂಗ್ಲಿಷ್ ಮತ್ತು ಮಾವೋರಿ ಬಿಟ್ಟರೆ ಅತಿ ಜಾಸ್ತಿ ಜನ ಆಡುವ ಭಾಷೆ ಸಮೋವನ್, ಅಂದರೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳ ಭಾಷೆ. 2018ರ ಜನಗಣತಿಯಲ್ಲೇ ಈ ಭಾಷೆ ಬಲ್ಲವರು ಒಂದು ಲಕ್ಷ ದಾಟಿದ್ದರು. ಅಲ್ಲಿನ ಶಾಲೆಗಳಿಗೆ 1996ರಿಂದಲೇ ಇದರ ಪಠ್ಯಕ್ರಮ ಇದೆ. ದಕ್ಷಿಣ ಆಕ್ಲೆಂಡಿನ ಒಂದು ತರಗತಿಯಲ್ಲಿ ಸಮೋವನ್ ಮನೆಯ ಮಕ್ಕಳು, ಟೋಂಗಾದ ಮಕ್ಕಳು, ನಮ್ಮ ಕಡೆಯ ಮಕ್ಕಳು ಎಲ್ಲರೂ ಒಂದೇ ಚಾಪೆ ಮೇಲೆ ಕೂತಿರುತ್ತಾರೆ. ಅಂಥ ತರಗತಿಗೆ ಮೊದಲ ಪಾಠ ಸಿದ್ಧ ಮಾಡಿಕೊಳ್ಳುತ್ತಾ ತಾವೂ ಭಾಷೆ ಕಲಿಯುತ್ತಿರುವ ಕನ್ನಡದವರಿಗೆ ಈ ಟಿಪ್ಪಣಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಭಾಷೆ ಒಂದು ಪಾಠ, ಸಂಸ್ಕೃತಿ ಇನ್ನೊಂದು ಪಾಠ ಅಂತ ಬೇರೆ ಮಾಡಬೇಡಿ. ಸಮೋವನ್‌ನಲ್ಲಿ ಅದು ಆಗುವ ಕೆಲಸ ಅಲ್ಲ.

ಉಚ್ಚಾರಣೆ ನಮಗೆ ಸುಲಭ. ಅವರು ಬರೆಯುವುದು ಇಂಗ್ಲಿಷ್ ಅಕ್ಷರಗಳಲ್ಲಿ, ಅದರಲ್ಲಿ ‘ಜಿ’ (g) ಅಕ್ಷರದ ದನಿ ನಮ್ಮ ಙ. ಶಾಲೆಯಲ್ಲಿ ಕ ಖ ಗ ಘ ಆದ ಮೇಲೆ ಸುಮ್ನೆ ಬಾಯಿಪಾಠ ಮಾಡಿದ ಅದೇ ಙ. ಭಾಷೆ ಅನ್ನುವುದಕ್ಕೆ ಅವರು ಙಙನ ಅನ್ನುತ್ತಾರೆ, ಮನುಷ್ಯನಿಗೆ ತಙತ. ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳು ಪದದ ಶುರುವಿನಲ್ಲೇ ಙ ಬಂದರೆ ಒದ್ದಾಡುತ್ತಾರೆ. ಮಹಾಪ್ರಾಣ ಇಲ್ಲ. ಪ್ರತಿ ಪದವೂ ಸ್ವರದಲ್ಲೇ ಮುಗಿಯುತ್ತದೆ, ಹಾಗಾಗಿ ಬಸ್ಸು ಪಾಸಿ ಆಗಿದೆ, ಪೆನ್ಸಿಲ್ಲು ಪೆನಿತಲ ಆಗಿದೆ.

ಹ್ರಸ್ವ ದೀರ್ಘ ನಮಗೆ ಗೊತ್ತಿರುವ ವಿಷಯವೇ. ತಮ ಅಂದರೆ ಹುಡುಗ, ತಮಾ ಅಂದರೆ ತಂದೆ. ತಲ ಅಂದರೆ ಕಥೆ, ತಾಲಾ ಅಂದರೆ ಅವರ ದುಡ್ಡು. ದೀರ್ಘ ತೋರಿಸಲು ಸ್ವರದ ಮೇಲೆ ಎಳೆಯುವ ಗೀಟಿಗೆ ಫ’ಅಮಮಫ ಅಂತ ಹೆಸರು.

ನಿಜವಾಗಿ ಸಮಯ ಕೊಡಬೇಕಾದದ್ದು ಕೊಮ ಲಿಲಿಉಗೆ. ತಿರುಗಿಸಿದ ಅಲ್ಪವಿರಾಮದ ಹಾಗೆ ಕಾಣುವ ಚಿಹ್ನೆ ಅದು, ಇಲ್ಲಿ ನಾನು ’ ಹಾಕಿದ್ದೇನೆ. ಅಲ್ಲಿ ಗಂಟಲು ಒಂದು ಕ್ಷಣ ಕಟ್ಟಿ ಬಿಡಬೇಕು. ಬಾಯಿ ತೆರೆಯದೆ ಬೇಡ ಅನ್ನುವುದಕ್ಕೆ ನಾವು ‘ಉಂ-ಉಂ’ ಅಂತೀವಲ್ಲ, ಆಗ ಮಧ್ಯದಲ್ಲಿ ಆಗುವುದು ಇದೇ. ಅನೇಕ ಅಚ್ಚು ಪುಸ್ತಕಗಳಲ್ಲಿ ಈ ಚಿಹ್ನೆ ಬಿಟ್ಟಿರುತ್ತಾರೆ, ಏಕೆಂದರೆ ಭಾಷೆ ಬಲ್ಲವರಿಗೆ ಸಂದರ್ಭದಲ್ಲೇ ತಿಳಿಯುತ್ತದೆ. ಹೊಸ ಮಕ್ಕಳಿಗೆ ತಿಳಿಯುವುದಿಲ್ಲ. ಬೋರ್ಡಿನ ಮೇಲೆ ಬರೆಯುವ ಒಂದೊಂದು ಪದಕ್ಕೂ ಚಿಹ್ನೆ ಹಾಕಿಯೇ ಬರೆಯಿರಿ. ಮಇ ಅಂದರೆ ‘ಇಂಥ ಕಡೆಯಿಂದ’, ಮ’ಇ ಅಂದರೆ ಕಾಯಿಲೆ. ಅದಕ್ಕಿಂತ ಮುಖ್ಯವಾದದ್ದು ಮೊದಲ ದಿನದ ಪ್ರಶ್ನೆಯಲ್ಲೇ ಬರುತ್ತದೆ:

’ಒ ಐ ಲೊಉ ಇಙೊಅ? ನಿನ್ನ ಹೆಸರೇನು?
’ಒ ಲೊ’ಉ ಇಙೊಅ ’ಒ ರವಿ. ನನ್ನ ಹೆಸರು ರವಿ.

ನೋಡಿ, ಲೊಉ ಅಂದರೆ ನಿನ್ನ, ಲೊ’ಉ ಅಂದರೆ ನನ್ನ. ನಡುವೆ ಗಂಟಲು ಕಟ್ಟದೆ ಹೋದರೆ ಮಗು ತನ್ನ ಹೆಸರು ಹೇಳುವ ಬದಲು ಎದುರಿನವರಿಗೇ ಹೆಸರಿಟ್ಟಂತೆ ಆಗುತ್ತದೆ. ಈ ಎರಡು ಸಾಲನ್ನು ಜೋಡಿ ಜೋಡಿಯಾಗಿ ಕೂರಿಸಿ ಆಡಿಸಿ, ಎದೆ ಮುಟ್ಟಿಕೊಂಡು ಲೊ’ಉ ಅನ್ನಲಿ, ಕೈ ಚಾಚಿ ಲೊಉ ಅನ್ನಲಿ. ಒಂದಿಡೀ ತರಗತಿ ಇದಕ್ಕೇ ಹೋದರೂ ನಷ್ಟ ಇಲ್ಲ.

ಮುಂದಿನ ವಾರ ಹುಷಾರಾದ ಮಗು ಕೇಳುತ್ತದೆ, ನನ್ನ ಪುಸ್ತಕಕ್ಕೆ ಯಾಕೆ ಲ’ಉ ತುಸಿ, ಲೊ’ಉ ಯಾಕಲ್ಲ ಅಂತ. ಸಮೋವನ್‌ನಲ್ಲಿ ‘ನನ್ನ’ ಎರಡು ಬಗೆ. ತಾಯಿ, ಮನೆ, ಕೈ, ಬಟ್ಟೆ, ಕಾರು ಇವೆಲ್ಲ ಲೊ’ಉ. ಪುಸ್ತಕ, ಪೆನ್ಸಿಲ್ಲು, ಊಟ ಇವೆಲ್ಲ ಲ’ಉ. ನಾನು ಮಾಡುವ, ಬಳಸುವ, ಬೇಕೆಂದು ಪಡೆಯುವ ವಸ್ತುಗಳು ಹೆಚ್ಚಾಗಿ ಲ’ಉ. ನನ್ನ ಮೈಗೆ ಸೇರಿದ್ದು, ನಾನು ಹುಟ್ಟಿದಾಗಲೇ ಇದ್ದದ್ದು, ನನ್ನನ್ನು ಒಳಗೆ ಇಟ್ಟುಕೊಳ್ಳುವಂಥದ್ದು ಹೆಚ್ಚಾಗಿ ಲೊ’ಉ. ಇದು ಎಲ್ಲ ಕಡೆ ಹೊಂದುವುದಿಲ್ಲ. ಆದರೂ ಮಕ್ಕಳಿಗೆ ಇಷ್ಟು ಸಾಕು, ಉಳಿದದ್ದು ಪದದ ಜೊತೆಗೇ ಬಾಯಿಪಾಠ ಆಗಲಿ.

‘ನಾವು’ ಅನ್ನುವುದರಲ್ಲೂ ಇಂಥದ್ದೇ ಇದೆ. ಕೇಳುತ್ತಿರುವವರೂ ಸೇರಿದರೆ ತಾತೊಉ, ಅವರನ್ನು ಬಿಟ್ಟು ನಾವಷ್ಟೇ ಆದರೆ ಮಾತೊಉ. ಕನ್ನಡದಲ್ಲಿ ಎರಡಕ್ಕೂ ‘ನಾವು’. ಮಂಗಳೂರು, ಉಡುಪಿ ಕಡೆಯವರು ತುಳುವಿನ ‘ನಮ’ ಮತ್ತು ‘ಎಂಕುಲು’ ನೆನಪು ಮಾಡಿಕೊಂಡರೆ ಮುಗಿಯಿತು. ಇಬ್ಬರೇ ಇದ್ದರೆ ಬೇರೆ ಪದ, ತಾ’ಉಅ ಮತ್ತು ಮಾ’ಉಅ. ಇದನ್ನು ಎರಡನೇ ವರ್ಷಕ್ಕೆ ಬಿಡಿ.

ವಾಕ್ಯದಲ್ಲಿ ಕ್ರಿಯಾಪದ ಮುಂದೆ ಬರುತ್ತದೆ, ನಮಗೆ ಪೂರ್ತಿ ಉಲ್ಟಾ: ‘ಎ ಅಲು ಲೆ ತಮ ಇ ಲೆ ಆ’ಒಙ’, ಹೋಗುತ್ತಾನೆ ಹುಡುಗ ಶಾಲೆಗೆ. ನಿಯಮ ಹೇಳುವ ಬದಲು ಹತ್ತು ವಾಕ್ಯ ಆಡಿಸಿ.

ಈಗ ತುಲೊಉ, ಅಂದರೆ ‘ಕ್ಷಮಿಸಿ’ ಅನ್ನುವ ಮಾತು. ಕೂತವರ ಮುಂದೆ ಹಾದುಹೋಗುವಾಗ ಸಮೋವಾದ ಮಗು ಬೆನ್ನು ಬಗ್ಗಿಸಿ, ತಲೆ ತಗ್ಗಿಸಿ, ಮೆಲ್ಲಗೆ ತುಲೊಉ ಅನ್ನುತ್ತದೆ. ಬೆನ್ನು ಬಗ್ಗದೆ ಬರೀ ಪದ ಹೇಳಿದರೆ ಹೇಳಿದ ಹಾಗಲ್ಲ. ಅದಕ್ಕೇ ಇದನ್ನು ಪದಪಟ್ಟಿಯಲ್ಲಿ ಇಡದೆ ತರಗತಿಯ ರೂಢಿಯಲ್ಲಿ ಇಡಿ. ಕಸದ ಬುಟ್ಟಿಗೆ ಹೋಗುವಾಗ, ನೀರಿಗೆ ಏಳುವಾಗ, ಪ್ರತಿ ಸಲ. ಚಾಪೆ ಮೇಲೆ ಕಾಲು ಮಡಚಿ ಕೂರುವುದು, ಯಾರ ಕಡೆಗೂ ಕಾಲು ಚಾಚದಿರುವುದು ನಮ್ಮ ಮನೆಗಳಲ್ಲೂ ಹೇಳುವುದೇ, ಅಲ್ವಾ? ಮಾಡಿ ತೋರಿಸುವಾಗ ಶಿಕ್ಷಕರೂ ಬಗ್ಗಬೇಕು.

ಎಣಿಕೆಗೆ ಸಾಸಾ ಬಳಸಿ. ಸಾಲಾಗಿ ಕೂತು, ಮರದ ಡೋಲು ಪಾತೇಯ ತಾಳಕ್ಕೆ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟುತ್ತಾ ಕೈ ಆಡಿಸುವ ಕುಣಿತ ಅದು. ತಸಿ, ಲುಅ, ತೊಲು, ಫಾ, ಲಿಮ ಅನ್ನುತ್ತಾ ಕೈ ತಟ್ಟಿದ ಮಗುವಿಗೆ ಅಂಕಿ ಮರೆಯುವುದಿಲ್ಲ, ಲಿಮ ಅಂದರೆ ಐದೂ ಹೌದು, ಕೈಯೂ ಹೌದು ಅನ್ನುವುದು ಅಲ್ಲೇ ಅರ್ಥವಾಗುತ್ತದೆ.

ಮನೆಯಲ್ಲಿ ಸಮೋವನ್ ಆಡುವ ಮಕ್ಕಳ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಶಾಲೆ, ಚರ್ಚು, ಬರವಣಿಗೆಯಲ್ಲಿ ‘ತ’ ಇರುವ ಕಡೆ ಮನೆಮಾತಿನಲ್ಲಿ ‘ಕ’ ಬರುತ್ತದೆ, ‘ನ’ ಇರುವ ಕಡೆ ಙ. ತಙತ ಮನೆಯಲ್ಲಿ ಕಙಕ. ನಾವು ‘ಇದ್ದಾನೆ’ ಬರೆದು ‘ಅವ್ನೆ’ ಅಂತ ಆಡುವ ಹಾಗೆಯೇ. ಆ ಮಗುವಿಗೆ ತಪ್ಪು ಅನ್ನಬೇಡಿ. ಊರಿನ ಮತಇಗಳು, ಅಂದರೆ ಕುಟುಂಬದ ಪಟ್ಟ ಹೊತ್ತ ಮುಖ್ಯಸ್ಥರು, ಸಭೆಯಲ್ಲಿ ಮಾಡುವ ಗಂಭೀರ ಭಾಷಣವೂ ‘ಕ’ ಮಾತಿನಲ್ಲೇ ಇರುತ್ತದೆ. ತರಗತಿಯಲ್ಲಿ ‘ತ’, ಅಜ್ಜಿ ಜೊತೆ ‘ಕ’ ಅಂತ ಹೇಳಿ, ಅಷ್ಟೇ.

ಇನ್ನು ಮರ್ಯಾದೆಯ ಮಾತು. ತಿನ್ನುವುದಕ್ಕೆ ’ಅಇ, ದೊಡ್ಡವರಿಗೆ ಹೇಳುವಾಗ ತಉಮಫ. ಆದರೆ ‘ನಾನು ತಉಮಫ’ ಅನ್ನಬಾರದು, ತನ್ನ ಬಗ್ಗೆ ಯಾವಾಗಲೂ ಸಾದಾ ಪದವೇ. ಬಾ ಅನ್ನುವುದಕ್ಕೆ ಗೆಳೆಯನಿಗೆ ಸಉ, ಆದರೆ ಪಟ್ಟದವರಿಗೆ ಅಫಿಓ ಮಇ, ಸುಸೂ ಮಇ, ಮಲಿಉ ಮಇ ಅಂತ ಬೇರೆ ಬೇರೆ ಇವೆ. ಯಾವುದನ್ನು ಹೇಳಬೇಕು ಅನ್ನುವುದು ಬಂದವರ ಪಟ್ಟದ ಮೇಲೆ ಹೋಗುತ್ತದೆ, ಮುಖ್ಯಸ್ಥರಾದ ಅಲಿ’ಇಗೆ ಒಂದು, ಅವರ ಪರ ಮಾತಾಡುವ ತುಲಾಫಲೆಗೆ ಇನ್ನೊಂದು. ಮೇ ಕೊನೆಯ ಹೊತ್ತಿಗೆ ಸಮೋವನ್ ಭಾಷಾ ವಾರ ಬಂದಾಗ ಮಕ್ಕಳ ಅಜ್ಜ ಅಜ್ಜಿಯರನ್ನು ಶಾಲೆಗೆ ಕರೆಯುತ್ತೀರಿ. ಆಗ ಅವರ ಮನೆಯವರನ್ನು ಮೊದಲೇ ಕೇಳಿ ತಿಳಿದುಕೊಳ್ಳಿ, ಯಾರಿಗೆ ಯಾವ ಮಾತು ಸಲ್ಲುತ್ತದೆ ಅಂತ. ಬಾಗಿಲಲ್ಲಿ ನಿಲ್ಲುವ ಇಬ್ಬರು ಮಕ್ಕಳಿಗೆ ಆ ಒಂದು ಸಾಲನ್ನು ಮುಂಚಿನ ದಿನವೇ ಚೆನ್ನಾಗಿ ಕಲಿಸಿಡಿ.