ಕ್ಯಾಸಲ್‌ರಾಕ್: ರೈಲು ನಿಂತಿದ್ದಕ್ಕೇ ಹುಟ್ಟಿದ ಊರು, ಜೋಡಿ ಹಳಿಯ ಜಗಳ

ಹುಬ್ಬಳ್ಳಿ ಕಡೆಯಿಂದ ಗೋವಾಕ್ಕೆ ರೈಲಿನಲ್ಲಿ ಹೋಗುವವರಿಗೆ ಕ್ಯಾಸಲ್‌ರಾಕ್ ಅಂದರೆ 'ಇಲ್ಲಿ ಯಾಕಪ್ಪಾ ಇಷ್ಟೊತ್ತು ನಿಂತಿದೆ' ಅನ್ನಿಸುವ ಸ್ಟೇಷನ್. ಜೋಯಿಡಾ ತಾಲ್ಲೂಕಿನ ಕಾಡಿನಲ್ಲಿ, ಗೋವಾ ಗಡಿಗೆ ಅಂಟಿಕೊಂಡಿರುವ ಪುಟ್ಟ ಊರು. ಈಚೆಗೆ ಇದರ ಹೆಸರು ಜಾಸ್ತಿ ಕೇಳಿಸುತ್ತಿರುವುದು ಜೋಡಿ ಹಳಿಯ ವಿವಾದದಲ್ಲಿ. ಕಲ್ಲಿದ್ದಲು, ಹುಲಿ, ಸುಪ್ರೀಂ ಕೋರ್ಟ್ ಎಲ್ಲ ಸೇರಿ ಗೋಜಲಾಗಿದೆ. ಅದನ್ನು ಬಿಡಿಸಬೇಕಾದರೆ, ರೈಲು ಇಲ್ಲಿ ಯಾಕೆ ನಿಲ್ಲುತ್ತದೆ ಅನ್ನುವಲ್ಲಿಂದಲೇ ಶುರು ಮಾಡಬೇಕು.

1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಂದು ಒಪ್ಪಂದ ಮಾಡಿಕೊಂಡರು. ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿಸಿ ರೈಲು ತರುವುದು, ನಡುವೆ ಸುಂಕ ಬೇಡ ಅನ್ನುವುದು ಅದರಲ್ಲಿತ್ತು. ಮೀಟರ್ ಗೇಜ್ ಹಳಿ 1888ರಲ್ಲಿ ಕ್ಯಾಸಲ್‌ರಾಕ್ ಮುಟ್ಟಿ, ಈ ಕಡೆಯ ಸದರ್ನ್ ಮರಾಠಾ ರೈಲ್ವೆಗೆ ಸೇರಿತು. ಆದರೆ 1892ರಲ್ಲಿ ಒಪ್ಪಂದದ ಅವಧಿ ಮುಗಿಯಿತು. ಹಳಿ ಹಾಗೇ ಉಳಿಯಿತು, ಸುಂಕ ವಾಪಸ್ ಬಂತು.

ಊರಿನ ಗತ್ತಿನ ದಿನಗಳು ಅವು. ಆಚೆ ಘಟ್ಟದ ಕೆಳಗೆ ಗೋವಾದ ಕುಳೆಂನಲ್ಲಿ ಪೋರ್ಚುಗೀಸರ ತಪಾಸಣೆ, ಈಚೆ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷರದ್ದು. ಟ್ರಂಕು ಬಿಚ್ಚು, ಗಂಟು ತೋರಿಸು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಜಾಗ ಅಂತ ಒಂದಿದ್ದರೆ ಇದೇ ಅಲ್ವಾ! ಗಾಡಿ ನಿಂತಷ್ಟು ಹೊತ್ತೂ ಚಹಾದವರಿಗೆ, ಕೂಲಿಗಳಿಗೆ ಕೆಲಸ. ರೈಲಿನವರು, ಸುಂಕದವರು ಇರಬೇಕಾದರೆ ಮನೆ, ಅಂಗಡಿ, ಅಂಚೆ ಎಲ್ಲ ಬೇಕು. ಹೊಲಗದ್ದೆ ನಂಬಿ ಕಟ್ಟಿದ ಊರಲ್ಲ ಇದು.

1955ರಲ್ಲಿ ಎಲ್ಲ ನಿಂತುಹೋಯಿತು. ಆಗಸ್ಟ್ 15ರಂದು ಗೋವಾ ಬಿಡುಗಡೆಗೆಂದು ಈ ದಾರಿಯಿಂದಲೂ ಸತ್ಯಾಗ್ರಹಿಗಳು ಹೊರಟರು. ಬೇರೆ ಬೇರೆ ಗಡಿಗಳಲ್ಲಿ ಗುಂಡಿಗೆ ಹಲವರು ಬಲಿಯಾದರು. ಗಡಿ ಮುಚ್ಚಿತು, ರೈಲೂ ನಿಂತಿತು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾದ ಮೇಲೆ ಹಳಿ ಮತ್ತೆ ತೆರೆಯಿತು, ಸುಂಕದ ಕಟ್ಟೆಗೆ ಮಾತ್ರ ಕೆಲಸವಿರಲಿಲ್ಲ. ದೇಶಕ್ಕೆ ಒಳ್ಳೆಯದಾಯಿತು. ಊರಿಗೆ ರೈಲು ನಿಲ್ಲುವ ಒಂದು ಕಾರಣ ಹೋಯಿತು.

ಇನ್ನೊಂದು ಕಾರಣ ಘಟ್ಟ. ಕುಳೆಂವರೆಗಿನ ಸುಮಾರು 26 ಕಿಲೋಮೀಟರ್ ದಾರಿ 37ಕ್ಕೆ 1ರ ಇಳಿಜಾರು, ಅಂದರೆ 37 ಮೀಟರ್ ಹೋದರೆ 1 ಮೀಟರ್ ಏರು. ಹತ್ತುವಾಗ ಹಿಂದಿನಿಂದ ತಳ್ಳಲು, ಇಳಿಯುವಾಗ ತಡೆದು ಹಿಡಿಯಲು ಬ್ಯಾಂಕರ್ ಅನ್ನುವ ಹೆಚ್ಚುವರಿ ಇಂಜಿನ್ ಬೇಕು. ಇಳಿಯುವ ಮುಂಚೆ ಬ್ರೇಕ್ ಪರೀಕ್ಷೆ ಆಗಲೇಬೇಕು. ಮಳೆಗಾಲದ ರಾತ್ರಿ ಕಿಟಕಿ ಎತ್ತಿ ನೋಡಿದರೆ, ರೇನ್‌ಕೋಟ್ ಹಾಕಿದ ಸಿಬ್ಬಂದಿಯೊಬ್ಬರು ಬೋಗಿಯ ಕೆಳಗೆ ಟಾರ್ಚ್ ಬಿಡುತ್ತಾ ಹೋಗುತ್ತಿರುತ್ತಾರೆ. ಗಾಳಿ ಬುಸ್ ಅನ್ನುತ್ತದೆ, ಒಂದು ಸಣ್ಣ ಗುದ್ದು, ಇಂಜಿನ್ ಕೂಡಿಕೊಂಡಿತು ಅಂತ ಅರ್ಥ. ತೊಂಬತ್ತರ ದಶಕದಲ್ಲಿ ಬ್ರಾಡ್ ಗೇಜ್ ಬಂದರೂ ಏರು ಏರೇ. ಜೊತೆಗೆ ಒಂಟಿ ಹಳಿ, ಎದುರು ಗಾಡಿಗೂ ಕಾಯಬೇಕು.

ಈ ಕಾಯುವಿಕೆ ತಪ್ಪಿಸಲು ಬಂದದ್ದೇ ಜೋಡಿ ಹಳಿ ಯೋಜನೆ. ಬಂದರಿನಿಂದ ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲಿನಂಥ ಕಡೆಗೆ ಕಲ್ಲಿದ್ದಲು ಹತ್ತುವ ದಾರಿಯೂ ಇದೇ. ಈ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಆ ಕಡೆ ಮೊಲೆಂ ರಾಷ್ಟ್ರೀಯ ಉದ್ಯಾನ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಒಪ್ಪಿತು. 2020ರಲ್ಲಿ ಇದನ್ನು ವಿರೋಧಿಸಿ ಗೋವಾದ ಜನ ಬೀದಿಗಿಳಿದರು, ಚಾಂದೋರ್‌ನಲ್ಲಿ ರಾತ್ರಿಯಿಡೀ ಹಳಿ ಮೇಲೆ ಕೂತರು. 2021ರಲ್ಲಿ ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ, ಇಷ್ಟು ಕಾಡು ಕಡಿದರೂ ಸಾಮರ್ಥ್ಯ ಹೆಚ್ಚುವುದು ಅಷ್ಟರಲ್ಲೇ ಅಂದಿತು. 2022ರ ಮೇ 9ರಂದು ಕೋರ್ಟು ಒಪ್ಪಿಗೆ ರದ್ದು ಮಾಡಿತು.

ಇಷ್ಟೆಲ್ಲ ವಾದದಲ್ಲಿ ಸ್ಟೇಷನ್ ನಂಬಿದ ಊರಿನ ಮಾತು ಕೇಳಿಸಿದ್ದು ಕಡಿಮೆ. ಹಳಿ ಮೇಲೆ ದೂಧ್‌ಸಾಗರ ಜಲಪಾತಕ್ಕೆ ನಡೆಯಲು ಬರುತ್ತಿದ್ದ ಹುಡುಗರನ್ನೂ ರೈಲ್ವೆ ತಡೆಯಿತು. ಅಪಾಯ ಹೌದು, ತಡೆದದ್ದು ಸರಿಯೇ. ಆದರೆ ಅವರು ಬಂದರೆ ಇಲ್ಲಿನ ಅಂಗಡಿಯಲ್ಲಿ ನಾಲ್ಕು ಪ್ಲೇಟ್ ಅವಲಕ್ಕಿ ಖರ್ಚಾಗುತ್ತಿತ್ತು.

ಕೋರ್ಟು ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಪರಿಸರದ ಮೇಲಿನ ಪರಿಣಾಮ ಸರಿಯಾಗಿ ಅಧ್ಯಯನ ಮಾಡಿ ಹೊಸ ಪ್ರಸ್ತಾವ ತರಬಹುದು ಅಂದಿದೆ. ಹೊಸ ಹಳಿ ಬಂದರೆ ಎದುರು ಗಾಡಿಗೆ ಕಾಯುವುದು ತಪ್ಪುತ್ತದೆ. ಬ್ಯಾಂಕರ್ ಹಚ್ಚುವಷ್ಟು ಹೊತ್ತು ಮಾತ್ರ ಉಳಿಯುತ್ತದೆ, ಒಂದು ಚಹಾ ಕುಡಿಯಲು ಸಾಕು.